ಚಿತ್ರಕ್ಕೊಂದು ಕವಚ

ಅಮ್ಮ ತೀರಿಕೊಂಡ ಮರುವರ್ಷ, ಎಂದರೆ ೨೦೧೮ರ ಜನವರಿಯಲ್ಲಿ, ಅವಳ ಚಿತ್ರವನ್ನು ಸಾಗರದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ತೂಗುಹಾಕಿದೆವು. ಮೂರು ವರ್ಷ ತುಂಬುವಷ್ಟರಲ್ಲಿ ಆ ಚಿತ್ರದೊಳಗೆ ಅವಳಿಗೆ ಜ್ವರ ಬಂದಿತು. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಹಣೆ, ಕೆನ್ನೆ, ಕೈ ಎಲ್ಲವೂ ಕೆಂಪಡರಿದವು. ನೀಲಿ ಸೀರೆ ಮೊದಲು ನೇರಳೆಯಾಗಿ ಆಮೇಲೆ ನಸುಗೆಂಪಾಯಿತು. ಹಿಂದಿನ ಗೋಡೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಯಾರೋ ಅವಳನ್ನು ಕೆಂಡದ ಬೆಳಕಿನೆದುರು ಕೂರಿಸಿದಂತೆ ಕಾಣುತ್ತಿತ್ತು. ಕಾಲೇಜಿಗೆ ರಜೆ ಬಂದಾಗ ಮಾತ್ರ ಶಿವಮೊಗ್ಗದಿಂದ ಊರಿಗೆ ಹೋಗುವ ನನಗೆ ಈ ಬದಲಾವಣೆ ಕಂತುಕಂತಾಗಿ ಕಂಡಿತು. ದಿನವೂ ಅದರೆದುರು ದೀಪ ಹಚ್ಚುವ ಅಕ್ಕನಿಗೆ ಕಂಡಿರಲೇ ಇಲ್ಲ. ನಿತ್ಯ ನೋಡುವ ಮುಖ ಮುದಿಯಾಗುವುದು ನಮಗೆ ತಿಳಿಯುವುದಿಲ್ಲವಷ್ಟೆ, ಇದೂ ಹಾಗೆಯೇ.

ಈ ಚಿತ್ರದ ಮೂಲ ಅದೇ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ೧೯೭೬ರಲ್ಲಿ ಅಜ್ಜನ ಮನೆಯ ಅಂಗಳದಲ್ಲಿ ತೆಗೆಸಿದ, ಅಂಗೈಯಗಲದ ಕಪ್ಪುಬಿಳುಪಿನ ಗುಂಪು ಫೋಟೋ. ಐದು ವರ್ಷದ ಅಕ್ಕ ಅಮ್ಮನ ಸೆರಗು ಹಿಡಿದು ನಿಂತಿದ್ದಾಳೆ. ನಾನಿನ್ನೂ ಹುಟ್ಟಿರಲಿಲ್ಲ. ಅಮ್ಮನ ಯೌವನದ ಚಿತ್ರವೆಂದು ನಮ್ಮಲ್ಲಿರುವುದು ಅದೊಂದೇ. ಅಂಚು ಕೊಂಚ ಹಳದಿಯಾಗಿದೆ, ಒಂದು ಮೂಲೆ ಮಡಿಚಿ ಬಿಳಿಯ ಗೆರೆ ಬಿದ್ದಿದೆ. ಉಳಿದಂತೆ ಮುಖಗಳೆಲ್ಲ ನಿನ್ನೆ ತೆಗೆದಷ್ಟು ಸ್ಪಷ್ಟವಾಗಿವೆ. ಊರಿನ ಸ್ಟುಡಿಯೋದವರು ಅದನ್ನು ಸ್ಕ್ಯಾನ್ ಮಾಡಿ, ಗುಂಪಿನಿಂದ ಅಮ್ಮನನ್ನು ಬೇರ್ಪಡಿಸಿ, ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಹದಿನೆಂಟು ಅಂಗುಲ ಎತ್ತರಕ್ಕೆ ಹಿಗ್ಗಿಸಿ ಕೊಟ್ಟಿದ್ದರು. ಹೀಗೆ ತಾಯಿ ಫೋಟೋ ಅರ್ಧ ಶತಮಾನದ ಹತ್ತಿರ ಬಂದರೂ ಗಟ್ಟಿಯಾಗಿತ್ತು. ಅದರ ಹೊಟ್ಟೆಯಲ್ಲಿ ಹುಟ್ಟಿದ ಚಿತ್ರ ಮೂರೇ ವರ್ಷಕ್ಕೆ ಹಾಸಿಗೆ ಹಿಡಿದಿತ್ತು.

ಕಾರಣ ಕೇಳಲು ಸ್ಟುಡಿಯೋಕ್ಕೆ ಹೋದೆ. ಯಜಮಾನರು ಸಜ್ಜನರು. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, “ಇದು ಇಂಕ್‌ಜೆಟ್ ಪ್ರಿಂಟು, ಮೇಷ್ಟ್ರೇ. ಮೇಲೆ ಸ್ಪ್ರೇ ಹೊಡೆಸಿದ್ದರೆ ಇಷ್ಟು ಬೇಗ ಹೋಗ್ತಿರಲಿಲ್ಲ. ಆವತ್ತು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ” ಎಂದರು. ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಅದು ಅರ್ಧ ನಿಜವೆಂಬುದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ಅನುಭವವನ್ನು ಇಲ್ಲಿ ಬರೆಯಲು ಹೊರಟಿದ್ದೇನೆ. ಕನ್ನಡದ ಅಧ್ಯಾಪಕನಿಗೇಕೆ ಈ ರಸಾಯನದ ಗೊಡವೆ ಎಂದು ಯಾರಾದರೂ ಕೇಳಿದರೆ, ನಮ್ಮ ನಾಡಿನ ಎಷ್ಟೋ ಮನೆಗಳ ಗೋಡೆಯ ಮೇಲಿರುವ ಹಿರಿಯರು ಈಗ ಇದೇ ಮಸಿಯಲ್ಲಿ ಬದುಕಿದ್ದಾರೆ ಎಂಬುದೇ ನನ್ನ ಉತ್ತರ.

ಪೆಟ್ಟಿಗೆಯಲ್ಲಿರುವ ಹಳೆಯ ಫೋಟೋದಲ್ಲಿ ಮಸಿಯೇ ಇಲ್ಲ, ಅಲ್ಲಿರುವುದು ಬೆಳ್ಳಿ. ಜೆಲಟಿನ್ ಎಂಬ ಅಂಟಿನ ಪದರದಲ್ಲಿ ಹುದುಗಿದ ಬೆಳ್ಳಿಯ ಕಣಗಳೇ ನಮ್ಮ ಕಣ್ಣಿಗೆ ಕಪ್ಪಾಗಿ ತೋರುತ್ತವೆ. ಚೆನ್ನಾಗಿ ತೊಳೆದು ಒಣಗಿಸಿದ ಅಂಥ ಫೋಟೋ ಬೆಳಕಿಗೆ ಅಷ್ಟಾಗಿ ಹೆದರುವುದಿಲ್ಲ. ಇಂಕ್‌ಜೆಟ್ಟಿನ ವಂಶವೇ ಬೇರೆ. ೧೯೮೪ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಥಿಂಕ್‌ಜೆಟ್ ಎಂಬ ಯಂತ್ರವನ್ನು ಮಾರಾಟಕ್ಕೆ ತಂದಾಗ ಅದು ಕಚೇರಿಯ ಕಾಗದಪತ್ರಗಳಿಗಾಗಿ ಹುಟ್ಟಿದ ಯಂತ್ರ; ಗೋಡೆಯ ಮೇಲೆ ತಲೆಮಾರುಗಳ ಕಾಲ ನಿಲ್ಲಬೇಕಾದ ಮುಖಗಳ ಹೊಣೆ ಅದರ ಮೇಲೆ ಬಿದ್ದದ್ದು ಆಮೇಲೆ. ಯಂತ್ರದ ತಲೆಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ ಮಸಿಯ ಹನಿಗಳು ಕಾಗದದ ಮೇಲೆ ಉದುರುತ್ತವೆ. ಹನಿಯೆಂದರೆ ಎಂಥ ಹನಿ! ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಪಿಕೋಲೀಟರ್ ಎಂದು ಹೆಸರು. ಫೋಟೋ ಬರೆಯುವ ಹನಿ ಅಂಥ ಕೆಲವೇ ಪಿಕೋಲೀಟರುಗಳದು. ಇಬ್ಬನಿಯೂ ಇದರ ಮುಂದೆ ಮಳೆಯೆನಿಸಬೇಕು.

ಈ ಮಸಿಯಲ್ಲಿ ಎರಡು ಜಾತಿ. ಒಂದು, ಸಕ್ಕರೆ ನೀರಿನಲ್ಲಿ ಕರಗುವಂತೆ ಬಣ್ಣ ಪೂರ್ತಿಯಾಗಿ ಕರಗಿಹೋದದ್ದು. ವ್ಯಾಪಾರದವರು ಇದನ್ನು ಡೈ ಇಂಕ್ ಎನ್ನುತ್ತಾರೆ. ಇನ್ನೊಂದು, ಸುಣ್ಣದ ನೀರಿನಲ್ಲಿ ಸುಣ್ಣದ ಕಣಗಳು ತೇಲುವಂತೆ ಬಣ್ಣದ ನುಣ್ಣನೆಯ ಪುಡಿ ತೇಲುವಂಥದು. ಇದು ಪಿಗ್ಮೆಂಟ್ ಇಂಕ್. ಕರಗಿದ ಬಣ್ಣ ಕಣ್ಣಿಗೆ ಹೆಚ್ಚು ಉಜ್ವಲ, ಬೆಲೆಯೂ ಕಡಿಮೆ. ಆದರೆ ಅದರ ಒಂದೊಂದು ಅಣುವೂ ಒಂಟಿಯಾಗಿ ಬೆಳಕಿಗೂ ಗಾಳಿಗೂ ಮೈಯೊಡ್ಡಿರುತ್ತದೆ. ಪುಡಿಯ ಕಣದಲ್ಲಾದರೋ ಮೇಲಿನ ಅಣುಗಳು ಸವೆದರೂ ಒಳಗಿನವು ಉಳಿದಿರುತ್ತವೆ. ದೊಡ್ಡ ಕುಟುಂಬಕ್ಕೂ ಒಂಟಿ ಮನುಷ್ಯನಿಗೂ ಕಷ್ಟಕಾಲದಲ್ಲಿ ಕಾಣುವ ವ್ಯತ್ಯಾಸವೇ ಇದು. ನಮ್ಮ ಅಮ್ಮನ ಚಿತ್ರ ಮೊದಲ ಜಾತಿಯ ಮಸಿಯದು. ಅದೂ ಯಂತ್ರದ ಕಂಪನಿಯ ಮಸಿಯಲ್ಲ, ಅಗ್ಗದ ಬಾಟಲಿಯಿಂದ ಮರುತುಂಬಿದ್ದು.

ಇನ್ನು ಕಾಗದ. ಫೋಟೋ ಮುದ್ರಿಸುವ ಈಗಿನ ಹೊಳಪು ಕಾಗದದ ಮೇಲೆ ಸಾಮಾನ್ಯವಾಗಿ ಸಿಲಿಕಾ ಅಥವಾ ಅಲ್ಯೂಮಿನಾದ ಹುಡಿಯ ಲೇಪವಿರುತ್ತದೆ. ಆ ಲೇಪದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಹನಿ ಬಿದ್ದೊಡನೆ ಒಳಗಿಳಿದುಬಿಡುತ್ತದೆ. ಯಂತ್ರದಿಂದ ಹೊರಬಂದ ಚಿತ್ರವನ್ನು ಆಗಲೇ ಮುಟ್ಟಿದರೂ ಕೈಗೆ ಹತ್ತುವುದಿಲ್ಲ. ಗಿರಾಕಿಗೆ ಸಂತೋಷ. ಆದರೆ ಮಸಿ ಒಳಹೊಕ್ಕ ಬಾಗಿಲು ಆಮೇಲೂ ತೆರೆದೇ ಇರುತ್ತದೆ. ಅದರ ಮೂಲಕ ಗಾಳಿ ಹೋಗಿಬರುತ್ತದೆ. ಗಾಳಿಯಲ್ಲಿ ಅಲ್ಪಸ್ವಲ್ಪವಾಗಿ ಇರುವ ಓಝೋನ್ ಎಂಬ ಅನಿಲಕ್ಕೆ ಕರಗಿದ ಬಣ್ಣಗಳೆಂದರೆ ಪ್ರೀತಿ, ಅದರಲ್ಲೂ ಸಯಾನ್ ಎಂಬ ಹಸಿರು ಬೆರೆತ ತಿಳಿನೀಲಿಯೆಂದರೆ ಬಹಳ ಪ್ರೀತಿ. ೨೦೦೦ದಲ್ಲಿ ಎಪ್ಸನ್ ಕಂಪನಿಯ ಸ್ಟೈಲಸ್ ಫೋಟೋ ೮೭೦ ಮತ್ತು ೧೨೭೦ ಎಂಬ ಯಂತ್ರಗಳು ಬಂದಾಗ ಅವುಗಳ ಚಿತ್ರ ಬಹುಕಾಲ ಬಾಳುವುದೆಂದು ಜನ ನಂಬಿದ್ದರು. ಅಮೆರಿಕದ ಕೆಲವರ ಮನೆಗಳಲ್ಲಿ ಹೊಳಪು ಕಾಗದದ ಮೇಲಿನ ಚಿತ್ರಗಳು ಬಹುಬೇಗ ಕಿತ್ತಳೆಯ ಬಣ್ಣಕ್ಕೆ ತಿರುಗಿದವು. ಬೆಳಕಿಗೆ ನಡೆಸಿದ್ದ ಪರೀಕ್ಷೆ ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಯಾನ್ ಹೋದರೆ ಉಳಿಯುವುದು ಕೆಂಪು ಹಳದಿಗಳು. ಅಮ್ಮನ ಜ್ವರದ ನಿದಾನ ನನಗೆ ಸಿಕ್ಕಿದ್ದು ಈ ಹಳೆಯ ಪ್ರಕರಣವನ್ನು ಓದಿದಾಗ.

ಆದರೂ ಕಣ್ಣಾರೆ ಕಾಣದೆ ನಂಬಬಾರದೆಂದು ಚಿತ್ರದ ಚೌಕಟ್ಟನ್ನು ಬಿಚ್ಚಿದೆ. ಬಾಗಿಲೆದುರಿನ ಗೋಡೆಯಾದ್ದರಿಂದ ಪ್ರತಿಫಲನವಾಗುತ್ತದೆಂದು ಅದಕ್ಕೆ ಗಾಜು ಹಾಕಿಸಿರಲಿಲ್ಲ. ಮರದ ಅಂಚಿನ ಕೆಳಗೆ ಕಾಲಂಗುಲದಷ್ಟು ಅಗಲಕ್ಕೆ ಅಮ್ಮನ ಸೆರಗಿನ ತುದಿ ಅಡಗಿ ಕುಳಿತಿತ್ತು. ಅಲ್ಲಿ ಬೆಳಕೂ ತಾಕಿರಲಿಲ್ಲ, ಗಾಳಿಯೂ ಆಡಿರಲಿಲ್ಲ. ಆ ಕಾಲಂಗುಲ ಅಚ್ಚ ನೀಲಿಯಾಗಿಯೇ ಇತ್ತು. ನಾನು ಅಕ್ಕನನ್ನು ಕರೆದು ತೋರಿಸಿದೆ: “ನೋಡಕ್ಕ, ಮೊದಲು ಸೀರೆ ಹೀಗಿತ್ತು.”

ಅಕ್ಕ ಕನ್ನಡಕ ಸರಿಮಾಡಿಕೊಂಡು ನೋಡಿದಳು. “ಆ ಸೀರೆ ನೀಲಿಯಲ್ಲವೋ. ಪಾಚಿ ಹಸಿರು” ಎಂದಳು.

ನಾನು ಅವಾಕ್ಕಾದೆ. ಚಿತ್ರ ತೂಗುಹಾಕಿದ ದಿನವೇ ಅವಳಿಗೆ ಅದು ತಿಳಿದಿತ್ತಂತೆ. “ನೀನು ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದೆ, ತಮ್ಮಾ. ಎಲ್ಲರೂ ಚೆನ್ನಾಗಿದೆ ಅಂದರು. ನಾನೇಕೆ ಎದುರಾಡಲಿ ಅಂತ ಸುಮ್ಮನಾದೆ.” ಒಳಗೆ ಹೋಗಿ ಒಂದು ಹಳೆಯ ಕೌದಿಯನ್ನು ತಂದು ಹರವಿದಳು. ಅಜ್ಜಿಯ ಕಾಲದ ಸೀರೆ, ಅಪ್ಪನ ಪಂಚೆ, ನನ್ನ ಶಾಲೆಯ ಅಂಗಿ ಎಲ್ಲವೂ ಅದರಲ್ಲಿ ತೇಪೆಗಳಾಗಿವೆ. ನಡುವೆ ಒಂದು ಚೌಕ. ನೂರಾರು ಸಲ ಒಗೆದು ಬಡಿದು ತೆಳುವಾಗಿದ್ದರೂ ಹಸಿರೆಂಬುದರಲ್ಲಿ ಸಂದೇಹವಿಲ್ಲ. ಎರಡು ಗೆರೆಯ ಅಂಚು ಫೋಟೋದಲ್ಲಿದ್ದದ್ದೇ. ಯಾವ ನೀಲಿ ಅಳಿದುಹೋಯಿತೆಂದು ನಾನು ತಿಂಗಳುಗಟ್ಟಲೆ ಕೊರಗಿದ್ದೆನೋ ಆ ನೀಲಿ ಅಮ್ಮನ ಮೈಮೇಲೆ ಎಂದೂ ಇರಲಿಲ್ಲ. ಸ್ಟುಡಿಯೋದ ಹುಡುಗನ ಬೆರಳ ತುದಿಯಲ್ಲಿ ಹುಟ್ಟಿದ್ದು ಅದು. ಈ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಗ್ರಂಥಸಂಪಾದನೆಯ ಪಾಠ ಹೇಳುವಾಗ, ಪ್ರತಿಕಾರನು ಸೇರಿಸಿದ ಪಾಠವನ್ನು ಕವಿಯ ಪಾಠವೆಂದು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುವವನು ನಾನು!

ಇಷ್ಟರಲ್ಲಿ ಅಕ್ಕನ ಮಗ ಸ್ಪ್ರೇ ಡಬ್ಬಿಯೊಂದನ್ನು ತರಿಸಿಬಿಟ್ಟಿದ್ದ, ೪೦೦ ಮಿಲಿಲೀಟರಿನದು. ಸ್ಟುಡಿಯೋದವರೂ ಹಳೆಯ ಕಡತದಿಂದಲೇ ಹೊಸ ಪ್ರತಿಯೊಂದನ್ನು ತೆಗೆದುಕೊಟ್ಟಿದ್ದರು. ಡಬ್ಬಿಯ ವಿಚಾರವಾಗಿ ಎರಡು ಮಾತು ಹೇಳಬೇಕು. ಇದರೊಳಗಿರುವುದು ಅಕ್ರಿಲಿಕ್ ಜಾತಿಯ ರಾಳ, ಅದನ್ನು ಕರಗಿಸಿದ ದ್ರಾವಕ, ಎರಡನ್ನೂ ಹೊರಕ್ಕೆ ತಳ್ಳುವ ಅನಿಲ. ಕೆಲವು ಡಬ್ಬಿಗಳಲ್ಲಿ ಅತಿನೇರಳೆ ಕಿರಣವನ್ನು ಹೀರುವ ವಸ್ತುವೂ ಬೆರೆತಿರುತ್ತದೆ. ತುಂತುರಾಗಿ ಬಿದ್ದು ದ್ರಾವಕ ಆರಿಹೋದ ಮೇಲೆ ಚಿತ್ರದ ಮೇಲೆ ರಾಳದ ತೆಳ್ಳನೆಯ ಪೊರೆ ನಿಲ್ಲುತ್ತದೆ; ಕಾಗದದ ರಂಧ್ರಗಳ ಬಾಯಿ ಬಹುಮಟ್ಟಿಗೆ ಮುಚ್ಚುತ್ತದೆ. ವ್ಯಾಪಾರದಲ್ಲಿ ಇದನ್ನು ಲ್ಯಾಕರ್ ಎನ್ನುವುದುಂಟು. ಶಬ್ದಕ್ಕೆ ಮೂಲ ನಮ್ಮ ‘ಲಾಕ್ಷಾ’, ಎಂದರೆ ಅರಗು. ಪೋರ್ತುಗೀಸರ ನಾಲಿಗೆಯ ಮೇಲೆ ಯುರೋಪಿಗೆ ಹೋಗಿ ಡಬ್ಬಿಯೊಳಗೆ ಕುಳಿತು ಹಿಂದಿರುಗಿದೆ. ಚನ್ನಪಟ್ಟಣದ ಗೊಂಬೆಗಳ ಮೈಮೇಲೆ ಇಂದಿಗೂ ನಿಜವಾದ ಅರಗು ಹೊಳೆಯುತ್ತದೆ. ಡಬ್ಬಿಯಲ್ಲಿರುವುದು ಹೆಸರು ಮಾತ್ರ. ಆದರೆ ಅರಗಿನ ಮನೆಯ ಗುಣವೊಂದು ಇದಕ್ಕೂ ಬಂದಿದೆ. ತಳ್ಳುವ ಅನಿಲ ಸಾಮಾನ್ಯವಾಗಿ ನಮ್ಮ ಅಡುಗೆಮನೆಯ ಸಿಲಿಂಡರಿನ ಬಳಗದ್ದು, ಕಿಡಿ ಸೋಕಿದರೆ ಹೊತ್ತಿಕೊಳ್ಳುವಂಥದು.

ಈ ಗುಣವನ್ನು ನಾವು ಗಮನಿಸಿದ್ದು ತಡವಾಗಿ. ೨೦೨೧ರ ಶ್ರಾವಣ, ಮಲೆನಾಡಿನ ಮಳೆ ಹೊರಗೆ ಒಂದೇ ಸಮನೆ ಹೊಯ್ಯುತ್ತಿತ್ತು. ಅಂಗಳಕ್ಕೆ ಇಳಿಯುವಂತಿಲ್ಲವೆಂದು ಜಗಲಿಯ ಮೇಲೆಯೇ ಹಳೆಯ ಪತ್ರಿಕೆ ಹಾಸಿ ಚಿತ್ರವನ್ನಿಟ್ಟು ಅಳಿಯ ಡಬ್ಬಿ ಒತ್ತಿದ. ಘಾಟು ನಡುಮನೆಗೆ ಹರಿಯಿತು. ಅಕ್ಕ ಓಡಿಬಂದು, “ಇದೇನೋ ಗ್ಯಾಸಿನ ವಾಸನೆ!” ಎಂದವಳೇ ದೇವರ ಮುಂದಿನ ದೀಪವನ್ನು ಶಾಂತಮಾಡಿದಳು. ಅವಳ ಮೂಗು ನಮ್ಮಿಬ್ಬರ ವಿದ್ಯೆಗಿಂತ ದೊಡ್ಡದಾಗಿತ್ತು. ಡಬ್ಬಿಯ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಇದ್ದ ಎಚ್ಚರಿಕೆಯನ್ನು ಎಂ.ಎ. ಮಾಡಿದ ನಾನೂ ಓದಿರಲಿಲ್ಲ, ಇಂಜಿನಿಯರಿಂಗ್ ಓದುವ ಅವನೂ ಓದಿರಲಿಲ್ಲ.

ಅಪಾಯ ಅಲ್ಲಿಗೆ ತಪ್ಪಿತು. ಚಿತ್ರ ಮಾತ್ರ ಉಳಿಯಲಿಲ್ಲ. ಹತ್ತು ನಿಮಿಷದಲ್ಲಿ ಅಮ್ಮನ ಮೇಲೆ ಹಾಲಿನಂಥ ಬಿಳಿಯ ಮುಸುಕು ಕವಿಯಿತು. ಒರೆಸಿದರೆ ಹೋಗುವ ಮುಸುಕಲ್ಲ, ಪೊರೆಯ ಒಳಗೇ ಕುಳಿತದ್ದು. ದ್ರಾವಕ ರಭಸದಿಂದ ಆರುವಾಗ ಚಿತ್ರದ ಮೈ ತಣ್ಣಗಾಗುತ್ತದೆ. ಕೈಮೇಲೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವಂತೆಯೇ. ತೇವ ತುಂಬಿದ ಗಾಳಿಯಲ್ಲಿ ಆ ತಂಪಿಗೆ ನೀರು ಹನಿಗಟ್ಟಿ, ಇನ್ನೂ ಹಸಿಯಾಗಿರುವ ರಾಳದಲ್ಲಿ ಸಿಕ್ಕಿಬೀಳುತ್ತದೆ. ತೆಳುವಾದ ಮಂಜಾದರೆ ಒಣಹವೆಯಲ್ಲಿ ಮೇಲೊಂದು ಕೈ ಬಿಟ್ಟಾಗ ಕೆಲವೊಮ್ಮೆ ತಿಳಿಯಾಗುವುದುಂಟು. ನಮ್ಮದು ಆಗುಂಬೆಯ ಮಂಜು, ತಿಳಿಯಾಗಲಿಲ್ಲ. ಪರದೇಶದ ಒಣಹವೆಯಲ್ಲಿ ಬರೆದ ಸೂಚನೆಗಳನ್ನು ಸಾಗರದ ಶ್ರಾವಣಕ್ಕೆ ತಂದರೆ ಆಗುವುದೇ ಹೀಗೆ. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನವರೂ ಕರಾವಳಿಯವರೂ ಈ ಡಬ್ಬಿಯನ್ನು ಕಪಾಟಿನಿಂದ ಇಳಿಸಬಾರದು.

ಸೋತವನಿಗೆ ಹಟ ಬರುತ್ತದೆ. ಸ್ಪ್ರೇ ನಿಜವಾಗಿಯೂ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನೋಡಲೇಬೇಕೆಂದು ೨೦೨೨ರ ಜನವರಿಯಲ್ಲಿ ಅದೇ ಸ್ಟುಡಿಯೋದಲ್ಲಿ ಅದೇ ಮಸಿಯಿಂದ ಪೋಸ್ಟ್‌ಕಾರ್ಡಿನಳತೆಯ ಆರು ಪ್ರತಿ ತೆಗೆಸಿದೆ. ಮೂರಕ್ಕೆ ಬಿಸಿಲಿನ ದಿನ ನೋಡಿ ಸ್ಪ್ರೇ ಹೊಡೆದೆವು, ಮೂರನ್ನು ಹಾಗೆಯೇ ಬಿಟ್ಟೆವು. ಒಂದು ಜೋಡಿ ಶಿವಮೊಗ್ಗದ ನನ್ನ ಮನೆಯ ಪೂರ್ವದ ಕಿಟಕಿಯಲ್ಲಿ. ಒಂದು ಜೋಡಿ ಬಸ್ಸುಲಾರಿಗಳ ಹೊಗೆ ಬರುವ, ಆದರೆ ಬಿಸಿಲು ಬೀಳದ ಮೊಗಸಾಲೆಯ ಗೋಡೆಯಲ್ಲಿ. ಮೂರನೆಯದು ನಿಘಂಟಿನ ಹಾಳೆಗಳ ನಡುವೆ. ಒಂದು ವರ್ಷ ಕಳೆಯಿತು. ನಿಘಂಟಿನೊಳಗಿನ ಎರಡರಲ್ಲೂ ನನಗೆ ವ್ಯತ್ಯಾಸ ಕಾಣಲಿಲ್ಲ. ಕಿಟಕಿಯವು ಎರಡೂ ಬಿಳಿಚಿಕೊಂಡವು. ಸ್ಪ್ರೇ ಹೊಡೆದದ್ದು ಸ್ವಲ್ಪ ನಿಧಾನವಾಗಿ, ಅಷ್ಟೆ. ಮೊಗಸಾಲೆಯಲ್ಲಿ ಮಾತ್ರ ಅಂತರ ಎದ್ದುಕಂಡಿತು. ಹಾಗೆಯೇ ಬಿಟ್ಟದ್ದು ಅಮ್ಮನ ದೊಡ್ಡ ಚಿತ್ರದ ಹಾದಿಯನ್ನೇ ಹಿಡಿದು ಕೆಂಪಾಗಿತ್ತು. ಕವಚ ತೊಟ್ಟದ್ದು ಬಹಳಮಟ್ಟಿಗೆ ತನ್ನ ಬಣ್ಣದಲ್ಲೇ ಇತ್ತು. ಒದ್ದೆ ಬೆರಳಿನಿಂದ ಉಜ್ಜಿದಾಗಲೂ ಅದೇ ಕಥೆ.

ನಮ್ಮ ಮನೆಯ ಈ ಪರೀಕ್ಷೆಗೆ ಶಾಸ್ತ್ರದ ಪ್ರಾಮಾಣ್ಯವಿಲ್ಲ. ಅದಕ್ಕೆ ಬೇರೆ ತಜ್ಞರಿದ್ದಾರೆ. ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್ ಎಂಬ ಪುಟ್ಟ ಊರಿನಲ್ಲಿ ಕುಳಿತು ಬಣ್ಣದ ಚಿತ್ರಗಳ ಆಯುಷ್ಯವನ್ನೇ ಜೀವನದ ಕೆಲಸ ಮಾಡಿಕೊಂಡವರು ಹೆನ್ರಿ ವಿಲ್ಹೆಲ್ಮ್. ಈ ವಿಷಯದ ಅವರ ದೊಡ್ಡ ಗ್ರಂಥ ೧೯೯೩ರಲ್ಲಿ ಹೊರಬಂತು. ಪರೀಕ್ಷೆಗೊಳಪಡಿಸುವಾಗ ಗಾಜಿಲ್ಲದ ಚಿತ್ರ, ಗಾಜಿನ ಹಿಂದಿನ ಚಿತ್ರ, ಕತ್ತಲಲ್ಲಿಟ್ಟ ಚಿತ್ರ, ಓಝೋನಿಗೆ ಒಡ್ಡಿದ ಚಿತ್ರ ಎಂದು ಬೇರೆಬೇರೆಯಾಗಿ ಲೆಕ್ಕ ಹಾಕುವುದು ಈಗ ಕ್ರಮ. ಇದರ ಅರ್ಥವಿಷ್ಟೆ: ಚಿತ್ರಕ್ಕೆ ಸಾವು ಒಂದೇ ಬಾಗಿಲಿನಿಂದ ಬರುವುದಿಲ್ಲ. ಸ್ಪ್ರೇ ಗಾಳಿಯ ಬಾಗಿಲನ್ನು, ನೀರಿನ ಬಾಗಿಲನ್ನು, ಬೆರಳಿನ ಬಾಗಿಲನ್ನು ಮುಚ್ಚಬಲ್ಲದು. ಅದರಲ್ಲಿ ಅತಿನೇರಳೆ ಕಿರಣದ ಕಾವಲುಗಾರನಿದ್ದರೂ, ಕಣ್ಣಿಗೆ ಕಾಣುವ ಬೆಳಕೇ ಕರಗಿದ ಬಣ್ಣಕ್ಕೆ ಶತ್ರುವಾಗಿರುವಾಗ ಅವನು ಏನು ಮಾಡಿಯಾನು? ನಮಗೆ ಚಿತ್ರ ಕಾಣಬೇಕಾದರೆ ಆ ಬೆಳಕು ಬೀಳಲೇಬೇಕು. ಸ್ಟುಡಿಯೋದವರ ಮಾತು ಅರ್ಧ ನಿಜವೆಂದದ್ದು ಇದಕ್ಕೇ. ಬಾಗಿಲೆದುರಿನ ಆ ಗೋಡೆಯಲ್ಲಿ, ಆ ಅಗ್ಗದ ಮಸಿಯನ್ನು ಯಾವ ಕವಚವೂ ಹೆಚ್ಚು ಕಾಲ ಕಾಯುತ್ತಿರಲಿಲ್ಲ.

ಹಾಗಾದರೆ ಯಾವ ಮಸಿ? ಉತ್ತರ ಸಿಕ್ಕಿದ್ದು ನಮ್ಮ ಊರಿನ ಪಕ್ಕದಲ್ಲೇ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಕಟ್ಟುಗಳಿವೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಅವುಗಳ ಮುಂದೆ ನಿಂತು ಮಾತಾಡುವುದು ನನ್ನ ವಾಡಿಕೆ. ತಾಳೆಗರಿಯ ಮೇಲೆ ಅಕ್ಷರವನ್ನು ಹಚ್ಚುವುದಿಲ್ಲ, ಕಂಠವೆಂಬ ಕಬ್ಬಿಣದ ಮೊನೆಯಿಂದ ಕೊರೆಯುತ್ತಾರೆ. ಆಮೇಲೆ ದೀಪದ ಕಾಡಿಗೆಯನ್ನು ಉಜ್ಜಿ ಒರೆಸಿದರೆ ಕೊರೆದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಕಾಡಿಗೆಯೆಂದರೆ ಇಂಗಾಲ. ಬೆಳಕು ಅದನ್ನೇನೂ ಮಾಡಲಾರದು. ಗರಿಗೆ ಹುಳದ ಭಯ, ಒಣಗಿ ಮುರಿಯುವ ಭಯ. ಅದಕ್ಕೆಂದು ಮಜ್ಜಿಗೆಹುಲ್ಲಿನ ಎಣ್ಣೆ ಸವರುತ್ತಾರೆ. ಆ ಎಣ್ಣೆ ಆರುತ್ತದೆ, ಮತ್ತೆ ಸವರುತ್ತಾರೆ. ಪೊರೆಯಾಗಿ ಅಂಟಿಕೊಂಡು ಕೂರುವ ಉಪಚಾರವಲ್ಲ ಅದು. ಈ ಮಾತನ್ನು ಎಷ್ಟೋ ಸಲ ಹೇಳಿದ್ದರೂ ಆ ವರ್ಷ ಹೇಳುತ್ತಿರುವಾಗ ಮಧ್ಯದಲ್ಲೇ ನಿಲ್ಲಿಸಿದೆ. ಒಳ್ಳೆಯ ಇಂಕ್‌ಜೆಟ್ ಯಂತ್ರಗಳ ಕಪ್ಪು ಪಿಗ್ಮೆಂಟ್ ಮಸಿಯಲ್ಲಿರುವುದೂ ಇಂಗಾಲದ ಪುಡಿಯೇ. ತಾಳೆಗರಿಯ ಲಿಪಿಕಾರನ ಕಾಡಿಗೆ ಅಷ್ಟು ದೂರ ನಡೆದು ಯಂತ್ರದ ತಲೆಯೊಳಗೆ ಕುಳಿತಿದೆ. ಅಂದಮೇಲೆ ಅಮ್ಮನಿಗೆ ಬಣ್ಣವಾದರೂ ಏಕೆ ಬೇಕು? ನೀಲಿ ಸುಳ್ಳು, ಹಸಿರು ಕೌದಿಯಲ್ಲಿದೆ, ಫೋಟೋ ನೋಡಿದ್ದು ಕಪ್ಪು ಮತ್ತು ಬಿಳುಪನ್ನು.

ಬೆಂಗಳೂರಿನಲ್ಲಿ ಚಿತ್ರಕಲಾವಿದರಿಗಾಗಿ ಮುದ್ರಣ ಮಾಡುವವರೊಬ್ಬರ ಬಳಿ ಹತ್ತಿಯ ಕಾಗದದ ಮೇಲೆ, ಕಪ್ಪು ಮತ್ತು ಬೂದಿಯ ಪಿಗ್ಮೆಂಟ್ ಮಸಿಗಳಿಂದ ಹೊಸ ಚಿತ್ರ ತೆಗೆಸಿದೆ. ಹೊಳಪಿಲ್ಲದ ಈ ಕಾಗದಕ್ಕೆ ಬೇರೊಂದು ದೌರ್ಬಲ್ಯ: ಮಸಿಯ ಪುಡಿ ಮೇಲ್ಮೈಯಲ್ಲೇ ಕುಳಿತಿರುವುದರಿಂದ ಉಗುರು ತಾಕಿದರೂ ಕಪ್ಪಿನಲ್ಲಿ ಬಿಳಿಯ ಗೀರು ಬೀಳುತ್ತದೆ. ಸ್ಪ್ರೇಗೆ ನಿಜವಾದ ಕೆಲಸವಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಒಳ್ಳೆಯ ಮಸಿಯ ಮೇಲೆ ಹೊಡೆದರೆ ಅದು ಕವಚ. ಕೆಟ್ಟ ಮಸಿಯ ಮೇಲೆ ಹೊಡೆದರೆ ಬರಿಯ ಸಮಾಧಾನ.

ಅಳಿಯನಿಗೆ ಮಾತ್ರ ಈ ಗದ್ದಲವೇ ಅನಾವಶ್ಯಕವಾಗಿ ಕಂಡಿತು. “ಮಾವ, ಫೈಲು ಇದೆಯಲ್ಲ. ಕೆಂಪಾದರೆ ಇನ್ನೊಂದು ಪ್ರಿಂಟ್ ತೆಗೆಸಿದರಾಯಿತು” ಎಂದ. ಅವನ ಮಾತು ಹಗುರವಾದುದಲ್ಲ. ನಮ್ಮ ಸೀಮೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಗೆರೆ ಎಳೆಯುವ ಹೆಂಗಸು ಅದರ ಮೇಲೆ ಯಾವ ಎಣ್ಣೆಯನ್ನೂ ಸವರುವುದಿಲ್ಲ. ಮದುವೆ ಬಂತೆಂದರೆ ಗೋಡೆ ಸಾರಿಸಿ ಮತ್ತೆ ಬರೆಯುತ್ತಾಳೆ. ಚಿತ್ತಾರ ಇರುವುದು ಗೋಡೆಯಲ್ಲಲ್ಲ, ಅವಳ ಕೈಯಲ್ಲಿ. ತಾಯಿಯ ಕೈಯಿಂದ ಮಗಳ ಕೈಗೆ ಹೋಗುತ್ತದೆ. ಫೈಲಿಗೂ ಇದೇ ನ್ಯಾಯ ಹೊಂದುತ್ತದೆಂದು ನಾನೂ ಒಂದು ಗಳಿಗೆ ಒಪ್ಪಿದೆ. ಆದರೆ ಸ್ಟುಡಿಯೋದವರು ೨೦೧೮ರ ಫೈಲನ್ನು ಉಳಿಸಿಕೊಂಡಿದ್ದದ್ದು ನಮ್ಮ ಪುಣ್ಯ. ಅಳಿಯನ ಹಿಂದಿನ ಫೋನಿನಲ್ಲಿದ್ದ ಪ್ರತಿ ಆ ಫೋನಿನ ಜೊತೆಗೇ ಹೋಗಿತ್ತು. ಕೈಯಿಂದ ಕೈಗೆ ದಾಟಿಸುವ ಶ್ರಮವನ್ನು ಯಾರೋ ಒಬ್ಬರು ವಹಿಸಿಕೊಳ್ಳದಿದ್ದರೆ ಫೈಲೂ ಗೋಡೆಯ ಹಿಟ್ಟಿನ ಗೆರೆಯೇ. ಈಗ ಅದರ ಮೂರು ಪ್ರತಿಗಳು ಮೂರು ಮನೆಗಳಲ್ಲಿವೆ.

ಅಕ್ಕನ ಆಕ್ಷೇಪ ಇನ್ನೊಂದು ಬಗೆಯದು. ಮೊದಲ ಚಿತ್ರವನ್ನು ತೂಗುಹಾಕಿದಾಗ, ಕಲೆಯಾಗುತ್ತದೆ, ಮುಟ್ಟಬೇಡವೆಂದು ನಾನೇ ಅವಳಿಗೆ ಕಟ್ಟಪ್ಪಣೆ ಮಾಡಿದ್ದೆ. ಅಮ್ಮ ಮುತ್ತೈದೆಯಾಗಿ ಹೋದವಳು. ತಿಥಿಯ ದಿನ, ಹಬ್ಬದ ದಿನ ಅವಳ ಹಣೆಗೆ ಕುಂಕುಮ ಹಚ್ಚಬೇಕೆಂದು ಅಕ್ಕನಿಗೆ ಆಸೆ. ನನ್ನ ಅಪ್ಪಣೆ ಮೀರಲಾರದೆ ಚೌಕಟ್ಟಿನ ಮೇಲಿನ ಮರಕ್ಕೆ ಹಚ್ಚುತ್ತಿದ್ದಳು. ಚೌಕಟ್ಟನ್ನು ಬಿಚ್ಚಿದ ದಿನ ಆ ಮರದ ಮೇಲೆ ಕುಂಕುಮ ಪದರುಗಟ್ಟಿ ನಿಂತಿದ್ದುದನ್ನು ಕಂಡೆ. ಗಾಜು ಹಾಕಿಸೋಣವೆಂದರೆ, “ಗಾಜಿಗೆ ಹಚ್ಚುವುದೂ ಮರಕ್ಕೆ ಹಚ್ಚುವುದೂ ಒಂದೇ” ಎಂದಳು. ಗಾಜು ಚಿತ್ರಕ್ಕೆ ಒಳ್ಳೆಯದೆಂದು ಶಾಸ್ತ್ರ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ಮ್ಯೂಸಿಯಮ್ಮಿನ ಚಿತ್ರವನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಮನೆಗಳಲ್ಲಿ ಚಿತ್ರವಿರುವುದು ನೋಡುವುದಕ್ಕೆ ಮಾತ್ರವೇ ಅಲ್ಲವಲ್ಲ.

ಹೀಗಾಗಿ ಕೆಲಸವನ್ನು ಎರಡಾಗಿ ಹಂಚಿದೆವು. ಕಾಪಾಡಬೇಕಾದದ್ದು ಪೆಟ್ಟಿಗೆಯಲ್ಲಿ, ಮುಟ್ಟಬೇಕಾದದ್ದು ಗೋಡೆಯಲ್ಲಿ. ಡಬ್ಬಿಯಲ್ಲಿ ಮಿಕ್ಕಿದ್ದನ್ನು ಮೂಲ ಫೋಟೋಕ್ಕೂ ಹೊಡೆದುಬಿಡೋಣವೆಂದು ಅಳಿಯ ಅದನ್ನು ತಂದು ಬೆಂಚಿನ ಮೇಲಿಟ್ಟಿದ್ದ, ನಾನು ಎತ್ತಿಕೊಂಡೆ. ಒಮ್ಮೆ ಹೊಡೆದ ಪೊರೆಯನ್ನು ತೆಗೆಯಬೇಕಾದರೆ ಮತ್ತೆ ದ್ರಾವಕವನ್ನೇ ಬಳಸಬೇಕು. ಅದು ಪೊರೆಯನ್ನು ಮಾತ್ರ ಕರಗಿಸಿ ಕೆಳಗಿನದನ್ನು ಬಿಟ್ಟೀತೆಂದು ಯಾರು ಜಾಮೀನು ಕೊಡುತ್ತಾರೆ? ಚಿತ್ರಗಳನ್ನು ಜೀರ್ಣೋದ್ಧಾರ ಮಾಡುವವರು, ಹಿಂದೆಗೆಯಲಾಗದ ಉಪಚಾರವನ್ನು ಮೂಲಕೃತಿಗೆ ಮಾಡಬಾರದೆಂಬ ನಿಯಮವನ್ನು ಹಿಡಿದು ನಡೆಯುತ್ತಾರೆ. ಪ್ರತಿ ಹಾಳಾದರೆ ಪ್ರತಿ ಬಂದೀತು. ೧೯೭೬ರ ಬೆಳ್ಳಿ ಬಾರದು. ಅದನ್ನು ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಟ್ಟು, ಪೆಟ್ಟಿಗೆಯನ್ನು ಒದ್ದೆ ಗೋಡೆಯಿಂದ ದೂರ ಸರಿಸಿ ಬಂದೆ.

ಹೊಸ ಚಿತ್ರಕ್ಕೆ ಕವಚ ತೊಡಿಸಿದ್ದು ೨೦೨೩ರ ಜನವರಿಯಲ್ಲಿ, ಸಂಕ್ರಾಂತಿ ಕಳೆದು ಅಮ್ಮನ ತಿಥಿಗೆ ಎರಡು ದಿನ ಮೊದಲು. ಮುದ್ರಣವಾದ ಮೇಲೆ ಹಲವು ದಿನ ಆರಲು ಬಿಟ್ಟಿದ್ದೆವು. ಒಂದು ಹಗಲು ಒಂದು ರಾತ್ರಿಯಾದರೂ ಬಿಡದಿದ್ದರೆ ಒಳಗಿನ ತೇವ ಪೊರೆಯ ಕೆಳಗೆ ಸೆರೆಯಾಗುತ್ತದೆ. ಅಂಗಳದಲ್ಲಿ, ನೆರಳಿನಲ್ಲಿ, ಗಾಳಿ ಬೀಸದ ಹೊತ್ತು ನೋಡಿ, ಹಲಗೆಯೊಂದಕ್ಕೆ ಓರೆಯಾಗಿ ನಿಲ್ಲಿಸಿ, ಮೃದುವಾದ ಕುಂಚದಿಂದ ಧೂಳು ಕೊಡವಿದೆವು. ಇಬ್ಬರೂ ಮುಖಕ್ಕೆ ಮಾಸ್ಕು ಕಟ್ಟಿದ್ದೆವು. ಅಳಿಯ ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಚಿತ್ರದಿಂದ ಸುಮಾರು ಅಡಿ ದೂರದಲ್ಲಿ ಹಿಡಿದು, ಕಾಗದದ ಅಂಚಿನ ಆಚೆಯೇ ಒತ್ತಲು ಶುರುಮಾಡಿ, ಒಂದೇ ವೇಗದಲ್ಲಿ ಎಳೆದು, ಇನ್ನೊಂದು ಅಂಚು ದಾಟಿದ ಮೇಲೆ ಬೆರಳೆತ್ತಿದ. ಚಿತ್ರದ ನಡುವೆ ನಿಲ್ಲಿಸಿದರೆ ಅಲ್ಲೊಂದು ಹನಿ ಬಿದ್ದು ಕಲೆಯಾಗುತ್ತದೆ. ದಪ್ಪವಾಗಿ ಒಂದು ಕೈ ಹೊಡೆಯುವುದಕ್ಕಿಂತ ತೆಳುವಾಗಿ ಮೂರು ಕೈ ಹೊಡೆಯುವುದು ಲೇಸು. ಒಂದು ಆರಿದ ಮೇಲೆ ಚಿತ್ರವನ್ನು ಅಡ್ಡ ತಿರುಗಿಸಿ ಇನ್ನೊಂದು. ಮೂರನೆಯ ಕೈ ಆರಿದಾಗ ಅಮ್ಮನ ತಲೆಗೂದಲಿನ ಕಪ್ಪು ಮೊದಲಿಗಿಂತ ಕೊಂಚ ಆಳವಾಗಿ ಕಂಡಿತು. ಮಂಜು ಕವಿಯಲಿಲ್ಲ. ಅಕ್ಕ ಅಂದು ಘಾಟು ಪೂರ್ತಿ ಆರುವವರೆಗೆ ಒಳಗೆ ದೀಪ ಹಚ್ಚಲಿಲ್ಲ.

ಚಿತ್ರ ಈಗ ಬಾಗಿಲೆದುರಿನ ಗೋಡೆಯಲ್ಲಿಲ್ಲ. ಬಿಸಿಲು ಬೀಳದ ಒಳಗೋಡೆಗೆ ಬಂದಿದೆ. ತಿಥಿಯ ದಿನ ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಅಕ್ಕ ಕುಂಕುಮದ ಬಟ್ಟಲು ಹಿಡಿದು ಬಂದು, ಎಡಗೈಯಿಂದ ಚೌಕಟ್ಟನ್ನು ಹಿಡಿದುಕೊಂಡಳು. ಉಂಗುರಬೆರಳನ್ನು ಮೇಲೆತ್ತಿ ನನ್ನ ಕಡೆ ತಿರುಗಿ, “ಹಚ್ಚಲೇನೋ?” ಎಂದು ಕೇಳಿದಳು. ನಾನು ಹೂಂ ಎಂದೆ. ಮರುವರ್ಷದ ತಿಥಿಗೆ ಅವಳೇ ಒಣಗಿದ ಮೆತ್ತನೆಯ ಬಟ್ಟೆಯಿಂದ ಹಳೆಯ ಕುಂಕುಮವನ್ನು ಒರೆಸಿದಳು. ನಾನು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಹಣೆಯ ಕಾಗದದಲ್ಲಿ ಕಲೆಯಿರಲಿಲ್ಲ. “ಸರಿ, ಸ್ವಲ್ಪ ಆಚೆ ಸರಿ” ಎಂದು ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ಹೊಸದಾಗಿ ಹಚ್ಚಿದಳು.